ಕಡೆಯ ಹೊಲ, ಕಡೆಯ ಬಲ್ಬು

ನಾನು ಕನ್ನಡ ಮಾಸ್ತರ. ಕರೆಂಟಿಗೂ ನನಗೂ ಇರುವ ಸಂಬಂಧ ಇಷ್ಟೇ: ಗುಂಡಿ ಒತ್ತಿದರೆ ದೀಪ ಹತ್ತಬೇಕು, ಹತ್ತದಿದ್ದರೆ ಯಾರನ್ನಾದರೂ ಬೈಯಬೇಕು. ಆದರೂ ಸರಣಿ ಜೋಡಣೆ ಎಂದರೇನು, ಸಮಾಂತರ ಜೋಡಣೆ ಎಂದರೇನು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ನಡುವೆ ಗೋಡೆ ಇಲ್ಲ, ತಗಡು ಇದೆ. ತಗಡಿನ ಈಚೆ ನಾನು ಹಳಗನ್ನಡದ ಪದ್ಯ ಬಿಡಿಸುತ್ತಿದ್ದರೆ ಆಚೆ ರಾಜೇಶ್ವರಿ ಟೀಚರ್ ವಿಜ್ಞಾನ ಹೇಳುತ್ತಿರುತ್ತಾರೆ. ಅವರ ದನಿ ನನ್ನದಕ್ಕಿಂತ ದೊಡ್ಡದು. ನನ್ನ ಮಕ್ಕಳು ಪದ್ಯಕ್ಕಿಂತ ವಿಜ್ಞಾನವನ್ನೇ ಹೆಚ್ಚು ಕಲಿತಿದ್ದಾರೆಂದು ನನಗೆ ಬಲವಾದ ಅನುಮಾನ.

ಊರು ಸದಲಗಾದಿಂದ ಸ್ವಲ್ಪ ಆಚೆ, ದೂಧಗಂಗೆಯ ದಂಡೆಗೆ. ನಾನು ಮುಗಳಖೋಡ ಕಡೆಯವನು. ಇಲ್ಲಿ ಬಾಬಾಸಾಹೇಬರ ಮನೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೇನೆ. ಬಾಬಾಸಾಹೇಬರು ರಾಜೇಶ್ವರಿ ಟೀಚರರ ಮಾವ. ಹೀಗಾಗಿ ಹಗಲು ಶಾಲೆಯಲ್ಲಿ ತಗಡಿನ ಆಚೆಯಿಂದ, ಸಂಜೆ ಮನೆಯಲ್ಲಿ ಬಾಗಿಲಿನ ಆಚೆಯಿಂದ ಅವರ ಮಾತು ನನ್ನ ಕಿವಿಗೆ ಬೀಳುತ್ತದೆ. ಕದ್ದು ಕೇಳುವವನು ನಾನಲ್ಲ. ಬಿದ್ದದ್ದನ್ನು ಎತ್ತಿಕೊಳ್ಳುತ್ತೇನೆ, ಅಷ್ಟೆ.

ಟೀಚರ್ ರಾಯಬಾಗದ ಮಗಳು. ಮದುವೆಯಾಗಿ ಬಂದಾಗ ಬಿ.ಎಸ್ಸಿ. ಇನ್ನೂ ಮುಗಿದಿರಲಿಲ್ಲ. ಅತ್ತೆ ಸುಂದ್ರವ್ವ ಒಂದೇ ಕರಾರು ಹಾಕಿದ್ದರಂತೆ: “ಎಮ್ಮಿ ಹಿಂಡಿಟ್ಟ ಹೋಗು, ಆಮ್ಯಾಲೆ ಏನ ಬೇಕಾದ್ದ ಕಲಿ.” ಪೇಟೆಯಲ್ಲಿ ಬೆಳೆದ ಹುಡುಗಿ ಎಮ್ಮೆಯ ಹತ್ತಿರ ಹೋಗಲು ಹೆದರಿ ಅತ್ತಳಂತೆ, ಒದೆಸಿಕೊಂಡಳಂತೆ, ಕಡೆಗೆ ಹಿಂಡುವುದನ್ನೂ ಕಲಿತಳು, ಡಿಗ್ರಿಯನ್ನೂ ಮುಗಿಸಿದಳು, ಚಿಕ್ಕೋಡಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಡ್. ಕೂಡ ಮಾಡಿದಳು. ಈಗಲೂ ಬೆಳಗ್ಗೆ ನಾಲ್ಕು ಎಮ್ಮೆ ಹಿಂಡಿಯೇ ಶಾಲೆಗೆ ಹೊರಡುತ್ತಾರೆ. ಇಸ್ತ್ರಿ ಮಾಡಿದ ಸೀರೆಯಿಂದ ಒಮ್ಮೊಮ್ಮೆ ಕೊಟ್ಟಿಗೆಯ ವಾಸನೆ ಬರುತ್ತದೆ. ಅದಕ್ಕೆ ಅವರೂ ನಾಚುವುದಿಲ್ಲ, ಮಕ್ಕಳೂ ಮೂಗು ಮುರಿಯುವುದಿಲ್ಲ. ಅರ್ಧ ಮಕ್ಕಳ ಮೈಯಿಂದಲೂ ಅದೇ ವಾಸನೆ.

ಮಕ್ಕಳನ್ನು ಹೊಡೆಯುವವರಲ್ಲ. ಯಾರಾದರೂ “ಗೊತ್ತಿಲ್ರಿ ಟೀಚರ್” ಎಂದರೆ “ಛಲೋ ಆತು, ಇವತ್ತ ನನಗ ಕೆಲಸ ಐತಿ” ಎನ್ನುತ್ತಾರೆ. ಗೊತ್ತಿದೆ ಎಂದು ತಲೆಯಾಡಿಸಿ ಸುಮ್ಮನೆ ಕೂತವರ ಮೇಲೆ ಮಾತ್ರ ಅವರಿಗೆ ಸಿಟ್ಟು.

ಈ ವರ್ಷ ಕರೆಂಟಿನ ಪಾಠ ಬಂತು. ನಾಲ್ಕಾರು ಟಾರ್ಚ್ ಬಲ್ಬು, ಹೋಲ್ಡರು, ತಂತಿ, ಸೆಲ್ಲು ಎಲ್ಲವನ್ನೂ ಟೀಚರ್ ತಾವೇ ಒಂದು ಪೆಟ್ಟಿಗೆಯಲ್ಲಿ ಹೊಂದಿಸಿಕೊಂಡು ಬಂದಿದ್ದರು. ಮೂರು ಬಲ್ಬುಗಳನ್ನು ಒಂದರ ಬಾಲಕ್ಕೆ ಒಂದರಂತೆ ಜೋಡಿಸಿ, ಗುಂಡಿ ಒತ್ತುವ ಮೊದಲು ಕೇಳಿದರು, “ಹೇಳ್ರಿ ನೋಡೂಣು, ಯಾವ ಬಲ್ಬ ಜೋರ ಉರೀತೈತಿ?”

ಇಡೀ ತರಗತಿ ಒಂದೇ ಬಾಯಿಂದ ಕೂಗಿತು, “ಮೊದಲನೇದ್ರಿ!”

“ಕಡೀದು?”

“ಮಿಣಿಮಿಣಿ ಅಂತೈತ್ರಿ!”

ಬೇರೆ ಊರಿನ ಮಕ್ಕಳು ಇಷ್ಟು ಗಟ್ಟಿಯಾಗಿ ತಪ್ಪು ಹೇಳುತ್ತಿರಲಿಲ್ಲ. ನಮ್ಮೂರಿನವರಿಗೆ ಇದು ಪುಸ್ತಕದ ಪ್ರಶ್ನೆಯೇ ಅಲ್ಲ. ರೈತರ ನೀರಾವರಿ ಸೊಸಾಯಿಟಿ ಹೊಳೆಯಿಂದ ನೀರೆತ್ತಿ ದಿಬ್ಬದ ಮೇಲಿನ ತೊಟ್ಟಿಗೆ ಹಾಕುತ್ತದೆ. ಅಲ್ಲಿಂದ ಕಾಲುವೆ ಕಬ್ಬಿನ ಹೊಲಗಳ ಪಕ್ಕದಲ್ಲಿ ಇಳಿಯುತ್ತಾ ಹೋಗುತ್ತದೆ. ಎಲ್ಲರಿಗೂ ಪಾಳಿಯ ಪ್ರಕಾರ ನೀರು. ಮುಂದಿನ ಹೊಲದ ಪಾಳಿಯಲ್ಲಿ ಕಾಲುವೆ ತುಂಬಿ ಹರಿಯುತ್ತದೆ. ಕಡೆಯ ಹೊಲದ ಪಾಳಿಯಲ್ಲಿ ಅದೇ ಕಾಲುವೆ ಬೆರಳಿನ ಗಾತ್ರ ಆಗಿರುತ್ತದೆ. ಅದನ್ನು ನೋಡುತ್ತಲೇ ಹುಟ್ಟಿ ಬೆಳೆದ ಮಕ್ಕಳು, ಕರೆಂಟು ಮಾತ್ರ ಬೇರೆ ಥರ ಹರಿಯುತ್ತದೆಂದು ಯಾಕೆ ನಂಬಬೇಕು?

ಟೀಚರ್ ಗುಂಡಿ ಒತ್ತಿದರು. ಮೊದಲ ಎರಡು ಬಲ್ಬು ಚೆನ್ನಾಗಿ ಹತ್ತಿದವು. ಕಡೆಯದು ನಿಜವಾಗಿಯೂ ಮಿಣಿಮಿಣಿ.

ಆ ಗದ್ದಲಕ್ಕೆ ನನ್ನ ಕಡೆಯ ತಗಡೂ ಅದುರಿತು. ಹತ್ತನೆಯವರು ಬೆಂಚು ಬಡಿದರು, ನನ್ನವರು ಏನೆಂದು ಗೊತ್ತಿಲ್ಲದೆಯೇ ಬಡಿದರು. ನಾನು ಬಾಗಿಲಿಗೆ ಹೋಗಿ ಇಣುಕಿದೆ. ಟೀಚರ್ ಮುಖ ಸಣ್ಣದಾಗಿತ್ತು. ಎಲ್ಲ ಸಮ ಉರಿಯುತ್ತವೆ ಎಂದು ತೋರಿಸಲು ಬಂದವರ ಎದುರಿಗೇ ಬಲ್ಬು ಕೈಕೊಟ್ಟಿತ್ತು. ನಾನಾಗಿದ್ದರೆ ಬಲ್ಬು ಕೆಟ್ಟಿದೆ, ಪಾಠ ನಾಳೆ ಎಂದು ಗಂಟು ಕಟ್ಟುತ್ತಿದ್ದೆ.

ಅವರು ಹಾಗೆ ಮಾಡಲಿಲ್ಲ. ಗದ್ದಲದಲ್ಲಿ ಸೇರದೆ ಬಲ್ಬನ್ನೇ ನೋಡುತ್ತಾ ಕೂತಿದ್ದ ಹುಡುಗಿಯನ್ನು ಕರೆದರು. ಸೌಂದರ್ಯಾ, ಕುರಿ ಸಾಕುವ ವಿಠೋಬಾನ ಮಗಳು. ಆ ಕಾಲುವೆಯ ಕಟ್ಟಕಡೆಯ ಹೊಲ ಅವರದೇ.

“ಬಾ ಇಲ್ಲೆ. ಕಡೀ ಬಲ್ಬ ಬಿಚ್ಚಿ ಮೊದಲ ಹಾಕು. ಮೊದಲಿಂದು ಕಡೀಗೆ ಹಾಕು. ಜಾಗಾದ್ದು ತಪ್ಪೋ, ಬಲ್ಬಿಂದು ತಪ್ಪೋ ನೋಡೂಣು.”

ಸೌಂದರ್ಯಾ ಬದಲಿಸಿದಳು. ಗುಂಡಿ ಒತ್ತಿದಳು. ಈಗ ಮುಂದೆ ಬಂದ ಬಲ್ಬು ಮುಂದೆಯೂ ಮಿಣಿಮಿಣಿ ಅನ್ನುತ್ತಿತ್ತು. ಕಡೆಗೆ ಹೋದದ್ದು ಕಡೆಯಲ್ಲಿಯೂ ಜೋರಾಗಿ ಉರಿಯುತ್ತಿತ್ತು. ಟೀಚರ್ ಆ ಬಲ್ಬನ್ನು ತೆಗೆದು ನೋಡಿದರು. ಅದೊಂದು ಬೇರೆ ಜಾತಿಯದು ಬಂದಿತ್ತು. ಪೆಟ್ಟಿಗೆಯಿಂದ ಉಳಿದೆರಡರಂಥದೇ ಮತ್ತೊಂದನ್ನು ಹುಡುಕಿ ಹಾಕಿದರು. ಮೂರೂ ಸಮನಾಗಿ ಹತ್ತಿದವು.

“ಕಡೀಗೆ ಇದ್ದ ತಪ್ಪಿಗೆ ಯಾವ ಬಲ್ಬೂ ಸಣ್ಣ ಉರಿಯೂದಿಲ್ಲ,” ಎಂದರು ಟೀಚರ್. “ಸರಣಿಯೊಳಗ ಹರಿಯೂ ಕರೆಂಟ ಎಲ್ಲಾ ಕಡೆ ಒಂದ. ಹೋದಷ್ಟೂ ಹೊಳ್ಳಿ ಬರತೈತಿ. ನಡುವ ಯಾರೂ ಕುಡದ ಖಾಲಿ ಮಾಡೂದಿಲ್ಲ.”

ಸೌಂದರ್ಯಾ ಇನ್ನೂ ಅಲ್ಲಿಯೇ ನಿಂತಿದ್ದಳು. “ಯಾಕಂದ್ರ ತಂತೀಗೆ ನಡುವ ತೂತ ಇಲ್ರಿ, ಟೀಚರ್.”

“ಬರೋಬರ.”

“ನಮ್ಮ ಕಾಲಿವಿಗೆ ಅದಾವ್ರಿ.”

“ಎಂಥಾ ತೂತ?”

ಹುಡುಗಿ ತಲೆ ತಗ್ಗಿಸಿದಳು. ಉಳಿದ ಮಕ್ಕಳೂ ಏಕಾಏಕಿ ಪುಸ್ತಕ ನೋಡತೊಡಗಿದರು. ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ “ದನದ ನೀರ” ಎಂದರು. ಆಗ ಟೀಚರಿಗೆ ತಿಳಿಯಿತು, ನನಗೂ ತಿಳಿಯಿತು. ಕಾಲುವೆಯ ಮೊಟ್ಟಮೊದಲ ಹೊಲ ಬಾಬಾಸಾಹೇಬರದು. ಸೊಸಾಯಿಟಿಯ ಚೇರಮನ್ನರೂ ಅವರೇ. ಮೊದಲ ತೂತೂ ಅವರದೇ.

ದನದ ನೀರು ಎಂಬುದು ನಮ್ಮೂರಿನ ಕಟ್ಟಳೆ. ಪಾಳಿ ಯಾರದೇ ಇರಲಿ, ಕಾಲುವೆಯ ಪಕ್ಕದವರು ತಮ್ಮ ದನಗಳ ಕಲ್ಲುಬಾನಿಗೆ ನೀರು ಬಿಟ್ಟುಕೊಳ್ಳಲು ಏರಿಯಲ್ಲಿ ಒಂದು ಸಣ್ಣ ಬಾಯಿ ತೆರೆದಿಡಬಹುದು. ಎಮ್ಮೆಗೆ ಬಾಯಾರಿಕೆ ಪಾಳಿ ನೋಡಿ ಬರುವುದಿಲ್ಲ ಎಂದು ಹಿರಿಯರು ಬಿಟ್ಟ ದಾರಿ. ಯಾರೂ ಅದನ್ನು ಕಳವು ಎನ್ನುವುದಿಲ್ಲ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಯಾರಿದ ದನಕ್ಕೆ ನೀರಿಲ್ಲ ಎನ್ನಲು ಯಾರಿಗಾದರೂ ನಾಲಿಗೆ ಏಳುತ್ತದೆಯೇ?

ಮರುದಿನ ಸೌಂದರ್ಯಾ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಹೊಲದ ಪಾಳಿ ಬಂದಿತ್ತು. ನೀರು ಯಾವ ಹೊತ್ತಿಗೆ ತುದಿ ಮುಟ್ಟುತ್ತದೆಂದು ಹೇಳಲಾಗದು. ಮುಟ್ಟಿದಾಗ ಯಾರಾದರೂ ಸಲಿಕೆ ಹಿಡಿದು ಅಲ್ಲಿ ಇರಲೇಬೇಕು. ಪ್ರತಿ ಪಾಳಿಗೂ ಹೀಗೆ ಅವಳ ಶಾಲೆ ತಪ್ಪುತ್ತಿತ್ತು. ಹಾಜರಿ ಇನ್ನಷ್ಟು ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದು ಕಷ್ಟ ಎಂದು ಹೆಡ್‌ಮಾಸ್ತರರು ಆಗಲೇ ಹೇಳಿದ್ದರು.

ಶಾಲೆ ಬಿಟ್ಟ ಮೇಲೆ ಟೀಚರ್ ನನ್ನ ಬಳಿ ಬಂದರು. “ಸರ್, ಕಡೀ ಹೊಲದ ತನಕಾ ಹೋಗಿ ಬರೂಣು ಬರ್ರಿ. ಒಬ್ಬಾಕೀನ ಹೋದ್ರ, ಚೇರಮನ್ನರ ಸೊಸಿ ತಪಾಸ ಮಾಡಾಕ ಬಂದಾಳ ಅಂತಾರ.”

“ನಾ ಬಂದ್ರ ಏನಂತಾರ್ರಿ?”

“ಕನ್ನಡ ಮಾಸ್ತರ ಹವಾ ತಗೊಳ್ಳಾಕ ಬಂದಾನ ಅಂತಾರ.”

ಕಾಲುವೆಯ ಏರಿ ಹಿಡಿದು ನಡೆದೆವು. ಮೊದಲು ಅವರದೇ ಹೊಲ. ಏರಿಯ ಬಾಯಿಗೆ ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಇಟ್ಟಿತ್ತು; ಅದರ ಸಂದಿನಿಂದ ನೀರು ಕಲ್ಲುಬಾನಿಗೆ ಬೀಳುತ್ತಿತ್ತು. ಬಾನಿ ಎಂದೋ ತುಂಬಿ ಹೊರಗೆ ಹರಿಯುತ್ತಿತ್ತು. ಹರಿದ ನೀರು ಎಲ್ಲಿ ಹೋಗುತ್ತದೆ ಎಂದು ಟೀಚರ್ ಹಿಂಬಾಲಿಸಿದರು. ಅತ್ತೆಯ ಮೇವಿನ ಹುಲ್ಲಿನ ತುಂಡು ಹೊಲ ಆಳೆತ್ತರ ಬೆಳೆದು ಕಪ್ಪು ಹಸಿರಾಗಿತ್ತು. ಮುಂದಿನ ಹೊಲದಲ್ಲಿಯೂ ಬಾನಿ, ಬಾನಿಯಾಚೆ ಹುಲ್ಲು. ಅದರ ಮುಂದಿನದರಲ್ಲಿಯೂ ಅದೇ. ಹೋದಷ್ಟೂ ಕಾಲುವೆ ಬಡವಾಗುತ್ತಾ ಬಂತು.

ಟೀಚರ್ ನಡುವೆ ಒಮ್ಮೆ ನಿಂತರು. “ನೋಡ್ರಿ ಸರ್, ಇದು ಸರಣಿ ಅಲ್ಲ. ಇವೆಲ್ಲಾ ಸಮಾಂತರ ಕವಲ. ಒಂದೊಂದೂ ತನ್ನ ಪಾಲ ಎಳಕೊಳ್ಳಾಕತ್ತೈತಿ. ಸೆಲ್ಲಾದ್ರ ಕವಲ ಹೆಚ್ಚಾದಂಗ ಹೆಚ್ಚ ಕರೆಂಟ ಕೊಡತೈತಿ. ನಮ್ಮ ಮೋಟಾರ ಎತ್ತೂದು ಎತ್ತಿದಷ್ಟ. ಈ ಕಡೆ ಹೋದದ್ದು ಆ ಕಡೆ ಇಲ್ಲ.”

ಕಡೆಯ ಹೊಲದ ಬದುವಿನ ಮೇಲೆ ಸೌಂದರ್ಯಾ ಕೂತಿದ್ದಳು. ಪಕ್ಕದಲ್ಲಿ ಸಲಿಕೆ, ತೊಡೆಯ ಮೇಲೆ ವಿಜ್ಞಾನದ ಪುಸ್ತಕ. ನೀರು ಇನ್ನೂ ಬಂದಿರಲಿಲ್ಲ. ಅವಳ ತಾಯಿ ಲಕ್ಕವ್ವ ಕಬ್ಬು ಕಡಿಯಲು ಕೂಲಿಗೆ ಹೋಗಿದ್ದಳು. ವಿಠೋಬಾ ಕುರಿ ಹೊಡೆದುಕೊಂಡು ಆಗತಾನೆ ಬಂದವನು ನಮ್ಮನ್ನು ನೋಡಿ ರುಮಾಲು ಸರಿಮಾಡಿಕೊಂಡ.

“ಅಕ್ಕೋರ, ನೀವ್ಯಾಕ ಬರಾಕ ಹೋದ್ರಿ? ಹೇಳಿ ಕಳಸಾಂವ ಇದ್ನಿ,” ಎಂದ. “ಮುಂದಿನ ತಿಂಗಳಿಂದ ಹುಡುಗೀನ ಸಾಲಿ ಬಿಡಸತೇನ್ರಿ. ಸಿಟ್ಟಿಲೆ ಅಲ್ರಿ. ನಾ ಕುರಿ ಕಾಯಲ್ಯೋ, ನೀರ ಕಾಯಲ್ಯೋ? ಇಕಿ ಎರಡ ದಿನ ಬರತಾಳ, ಎರಡ ದಿನ ಬಿಡತಾಳ. ಹಿಂಗ ಅರ್ಧಾಮರ್ಧ ಕಲತು ಏನ ಆಗೂದೈತಿ?”

ಟೀಚರ್ ಅವನಿಗೆ ಉಪದೇಶ ಮಾಡಲಿಲ್ಲ. “ಮುಂದಿನ ಪಾಳಿ ತನಕಾ ತಡೀರಿ, ವಿಠೋಬಣ್ಣಾ. ಅಷ್ಟ ನನ್ನ ಮಾತ ಕೇಳ್ರಿ,” ಎಂದರು. ಅವನು ಒಪ್ಪಿದ. ಹುಡುಗಿ ಮಾತ್ರ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಆ ಪುಟ ಅವಳಿಗೆ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತು, ಪುಸ್ತಕ ತಲೆಕೆಳಗಾಗಿತ್ತು.

ಅಂದು ಸಂಜೆ ಬಾಬಾಸಾಹೇಬರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಸೊಸೆ ಮಾತೆತ್ತಿದರು. ನಾನು ನನ್ನ ಖೋಲಿಯ ಹೊಸ್ತಿಲ ಮೇಲೆ ಕೂತು ಪೇಪರು ಓದುತ್ತಿದ್ದೆ, ಅಂದರೆ ಹಿಡಿದುಕೊಂಡಿದ್ದೆ.

“ಮಾವಾರ, ವಿಠೋಬಾನ ಮಗಳು ನೀರ ಕಾಯೂದಕ್ಕ ಸಾಲಿ ಬಿಡಾಕತ್ತಾಳ್ರಿ. ಅವರ ಮುಂದಿನ ಪಾಳಿಗೆ ನಮ್ಮ ದನದ ನೀರ ಬಂದ ಮಾಡೂಣ್ರಿ.”

ಬಾಬಾಸಾಹೇಬರು ಚಹಾದ ಬಶಿ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಊರಿನ ಯಾರ ಮನೆಯ ಕಷ್ಟಕ್ಕೂ ಮೊದಲು ಹೋಗಿ ನಿಲ್ಲುವವರು. “ನಮ್ಮಪ್ಪ ಸೊಸಾಯಿಟಿ ಕಟ್ಟಿದ ದಿನದಿಂದ ಬಂದದ್ದು ಅದು. ದನಕ್ಕ ನೀರ ಕುಡೀಬ್ಯಾಡ ಅನ್ನಾಕ ನಾವೇನ ಕಟುಕರ?”

“ದನ ಕುಡದದ್ದು ದನದ ನೀರ್ರಿ. ಹುಲ್ಲ ಕುಡದದ್ದು?”

ಮೇವಿನ ಹುಲ್ಲು ಸುಂದ್ರವ್ವನವರ ಪ್ರಾಣ. ಕೊಟ್ಟಿಗೆಯಿಂದ ಅವರು ಹೊರಗೆ ಬಂದರು, ಕೈಯಲ್ಲಿ ಹಾಲಿನ ಚರಿಗೆ.

“ನನ್ನ ಎಮ್ಮಿ ಬಾಯಾಗಿನ ಹುಲ್ಲ ಕಸಗೊಳ್ಳಾಕ ಕಲತ ಬಂದಿ ಏನ? ಇದಕ್ಕ ಸಾಲಿ ಕಲಿಸಿದ್ನಿ ನಿನಗ?”

“ಅತ್ಯಾರ, ಎಮ್ಮೀಗೆ ಬೇಕಾದಷ್ಟ ನೀರ ನಾ ಮನಿ ಬೋರಿಂದ ಹೊತ್ತ ಹಾಕತೇನ್ರಿ. ಹುಲ್ಲಿಗೆ ನಮ್ಮ ಪಾಳಿ ಬಂದಾಗ ಬಿಡೂಣು.”

“ಹೊರತಿ ಬಿಡು. ಒಂದ ದಿನ ಹೊರತಿ.”

ಬಾಬಾಸಾಹೇಬರು ಮೀಸೆ ತಿರುವುತ್ತಾ ಎದ್ದು ಹೋದರು. ಹೋಗುತ್ತಾ ಹೇಳಿದ ಮಾತು ಇಷ್ಟು: “ಸೊಸಾಯಿಟ್ಯಾಗ ಮಂದೀಗೆ ಮುಚ್ಚರಿ ಅನ್ನಬೇಕಾದ್ರ ಮೊದಲ ನಮ್ಮದು ಮುಚ್ಚಿರಬೇಕು. ನಮ್ಮದು ಮುಚ್ಚೂದು ನನ್ನ ಕೈಯಾಗಿಲ್ಲ. ಅದು ನಿಮ್ಮ ಅತ್ತೀ ಕಡೆ ಐತಿ.” ಚೇರಮನ್ನರ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂದು ಅಂದು ನನಗೆ ಗೊತ್ತಾಯಿತು.

ಮರುದಿನದಿಂದ ಟೀಚರ್ ಹೇಳಿದಂತೆಯೇ ಮಾಡಿದರು. ಬೆಳಗ್ಗೆ ಹಾಲು ಹಿಂಡಿದ ಮೇಲೆ ಕೊಡದ ಮೇಲೆ ಕೊಡ ಹೊತ್ತು ಎಮ್ಮೆಗಳ ಮುಂದಿನ ಬಾನಿ ತುಂಬಿಸಿ, ಸೀರೆ ಬದಲಿಸಿ, ಓಡುತ್ತಾ ಶಾಲೆಗೆ ಬರುತ್ತಿದ್ದರು. ಅತ್ತೆ ಸೊಸೆಯ ನಡುವೆ ಮಾತಿಲ್ಲ. ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಟೀಚರ್ ಊಟದ ಡಬ್ಬಿ ತೆರೆಯದೆ ಕೂತಿದ್ದರು.

“ಸರ್, ಕ್ಲಾಸಿನ್ಯಾಗ ಬಲ್ಬ ಬದಲಿ ಮಾಡಿ ತೋರಿಸೂದು ಸಸಾರ,” ಎಂದರು. “ಮನ್ಯಾಗ ಆಗೂದಿಲ್ರಿ. ಆ ಹುಡುಗಿ ಸಾಲಿ ಬಿಟ್ರ, ಇನ್ನ ಯಾವ ಮಾರಿ ಹೊತ್ತು ಆ ಪಾಠ ಹೇಳಲಿ? ಕಡೀಗೆ ಇದ್ದ ತಪ್ಪಿಗೆ ಯಾರೂ ಸಣ್ಣ ಉರಿಯೂದಿಲ್ಲ ಅಂತ ನನ್ನ ಬಾಯಿಲೆ ಹೇಳೇನಿ.”

ಅವರ ಕಣ್ಣು ತುಂಬಿದವು. ಸಮಾಧಾನ ಹೇಳಲು ನನಗೆ ಒಂದು ಪದ್ಯವೂ ನೆನಪಾಗಲಿಲ್ಲ. ಸುಮ್ಮನೆ ನೀರಿನ ಲೋಟ ಮುಂದಿಟ್ಟೆ.

ಸುಂದ್ರವ್ವನವರು ಮೌನ ಮುರಿದದ್ದು ಒಂದು ರವಿವಾರ. ಸೊಸೆ ಕೊಡ ಇಳಿಸುತ್ತಿದ್ದಾಗ ಎಮ್ಮೆಯ ಬೆನ್ನು ತಿಕ್ಕುತ್ತಾ, ಎಮ್ಮೆಗೇ ಹೇಳಿದಂತೆ ಕೇಳಿದರು, “ಆ ವಿಠೋಬಾನ ಮಗಳು ಎಷ್ಟ ದೊಡ್ಡಾಕಿ?”

“ಹತ್ತನೇ ಇಯತ್ತಾ ರಿ.”

“ಒಬ್ಬಾಕೀನ ಕುಂಡ್ರತಾಳ ಕಾಲಿವಿ ಮ್ಯಾಲೆ?”

“ಹೌದ್ರಿ. ಸಲಿಕಿ ಬಾಜೂಕ ಇಟಗೊಂಡು ಪುಸ್ತಕ ಓದತಾಳ್ರಿ.”

ಸುಂದ್ರವ್ವ ಬಹಳ ಹೊತ್ತು ಬೆನ್ನು ತಿಕ್ಕಿದರು. ಅವರ ತವರು ಕಬ್ಬೂರ. ಅಲ್ಲಿಯೂ ಅವರಪ್ಪನದು ಕಾಲುವೆಯ ಕಡೆಯ ಹೊಲ. ಅದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲವಂತೆ.

“ನಾನೂ ಕುಂತೇನಿ ಹಂಗ,” ಎಂದರು. “ನನಗ ಪುಸ್ತಕ ಇದ್ದಿದ್ದಿಲ್ಲ.”

ಅಷ್ಟು ಹೇಳಿ ಸೊಸೆಯ ಕೈಯಿಂದ ಖಾಲಿ ಕೊಡ ಕಸಿದುಕೊಂಡು ಒಳಗೆ ಹೋದರು.

ವಿಠೋಬಾನ ಪಾಳಿ ಶುರುವಾದ ದಿನ ಬೆಳಗ್ಗೆ ಸುಂದ್ರವ್ವನವರು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಹೊಲಕ್ಕೆ ಹೋಗಿ, ಏರಿಯ ಬಾಯಿಂದ ಗೋಣಿಚೀಲ ಕಿತ್ತೆಸೆದು, ಜಿಗಟು ಮಣ್ಣು ಮೆತ್ತಿ, ಕಾಲಿನಿಂದ ತುಳಿದು ಮುಚ್ಚಿದರು. ಅಷ್ಟಕ್ಕೇ ಸುಮ್ಮನಿರಲಿಲ್ಲ. ಸೀರೆಯ ಕಚ್ಚೆ ಬಿಗಿದು ಏರಿಯಗುಂಟ ನಡೆದರು. ಪ್ರತಿ ಹೊಲದ ಮುಂದೆ ನಿಂತು ಕೂಗಿದರು. “ನೇಮಿನಾಥಾ, ಚೇರಮನ್ನರದ ಮುಚ್ಚೇತಿ, ನಿಂದೇನ ಹೆಚ್ಚಿಂದ?” ಮರಾಠಿ ಮಾತಾಡುವ ಸಂಭಾಜಿಗೆ “ತುಝಂ ಪಣ ಬಂದ ಕರ ರೇ!” ಎಂದು ಅವನದೇ ಭಾಷೆಯಲ್ಲಿ ಮುಚ್ಚಲು ಹೇಳಿದರು. ಅವನು ದನಕ್ಕೆ ಏನು ಮಾಡಲಿ ಎಂದು ಗೊಣಗಿದ. “ನನ್ನ ಸೊಸಿ ಡಿಗ್ರಿ ಮಾಡಿದಾಕಿ ಕೊಡ ಹೊತ್ತ ಹಾಕತಾಳ. ನಿನಗ ಕೈ ಇಲ್ಲೇನ?” ಎಂದರು. ಆ ಬಾಯಿಗೆ ಎದುರಾಡುವ ಗಂಡಸು ಆ ಕಾಲುವೆಯ ಮೇಲೆ ಇನ್ನೂ ಹುಟ್ಟಿಲ್ಲ. ಒಂದೊಂದೇ ಬಾಯಿ ಮುಚ್ಚುತ್ತಾ ಹೋಯಿತು. ಹಿಂದೆ ಬಾಬಾಸಾಹೇಬರು ಸಲಿಕೆ ಹೊತ್ತು ನಡೆಯುತ್ತಿದ್ದರು, ಹೆಂಡತಿಯ ಕಾರ್ಯದರ್ಶಿಯಂತೆ.

ನಾನು ಶಾಲೆಗೆ ಓಡಿದೆ. ಟೀಚರಿಗೆ ಹೇಳಿದೆ. ಅವರು ನಂಬಲಿಲ್ಲ. “ಮುಚ್ಚಿದ್ರ ಏನಾತ್ರಿ, ನೀರ ಮುಟ್ಟಬೇಕಲ್ಲ,” ಎಂದರು. ಹತ್ತನೆಯ ತರಗತಿಗೆ ಹೋಗಿ ಪಾಠ ಶುರು ಮಾಡಿದರು. ಅವರ ದನಿ ಅಂದು ನನ್ನ ದನಿಗಿಂತ ಸಣ್ಣದಿತ್ತು. ಸೌಂದರ್ಯಾಳ ಜಾಗ ಖಾಲಿ. ಮೊದಲ ತಾಸು ಮುಗಿಯಿತು. ಎರಡನೆಯದೂ ಮುಗಿಯಿತು.

ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ನಾನು ಪದ್ಯದ ಅರ್ಥ ಬರೆಸುತ್ತಿದ್ದೆ. ಆಚೆ ಯಾರೋ ಬಾಗಿಲಲ್ಲಿ ಬಂದು ನಿಂತ ಸದ್ದಾಯಿತು. ಟೀಚರರ ಮಾತು ಅರ್ಧಕ್ಕೆ ನಿಂತಿತು.

“ಟೀಚರ್, ಒಳಗ ಬರಲ್ಯಾ ರಿ?”

ನಾನು ಸೀಮೆಸುಣ್ಣ ಕೆಳಗಿಟ್ಟು ಬಾಗಿಲಿಗೆ ಹೋದೆ. ಸೌಂದರ್ಯಾ ನಿಂತಿದ್ದಳು. ಮೊಣಕಾಲಿನ ತನಕ ಕೆಸರು, ಯೂನಿಫಾರ್ಮಿನ ಅಂಚೂ ತೊಯ್ದಿತ್ತು. ಚೀಲ ಮಾತ್ರ ಒಣಗಿತ್ತು. ತಲೆಯ ಮೇಲೆ ಹೊತ್ತು ತಂದಿರಬೇಕು.

“ನೀರ?” ಎಂದರು ಟೀಚರ್. ಅಷ್ಟೇ ಕೇಳಲು ಆದದ್ದು.

“ಬಂದ ಮುಗೀತ್ರಿ. ಕಾಲಿವಿ ತುಂಬಿ ಬಂತ್ರಿ. ಹೊಲಾ ಎಲ್ಲಾ ತೊಯ್ದೈತ್ರಿ.” ಹುಡುಗಿಗೆ ಉಸಿರು ಕೂಡುತ್ತಿರಲಿಲ್ಲ. “ಇನ್ನ ಕಾಯೂದೇನಿಲ್ಲ, ಸಾಲಿಗೆ ಹೋಗ ಅಂದ್ರು ಅಪ್ಪ.”

ಟೀಚರ್ ಹಲಗೆಯ ಕಡೆ ತಿರುಗಿ ನಿಂತರು. ಬರೆಯಲು ಕೈ ಎತ್ತಿದರು, ಬರೆಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಅಂಥ ವೇಳೆಯಲ್ಲಿ ಬೇರೆ ಕಡೆ ನೋಡುವ ಮನುಷ್ಯ. ಅಂದು ಮುಖ ತಿರುಗಿಸಲಿಲ್ಲ, ನನ್ನ ಕಣ್ಣೂ ಒದ್ದೆಯಾಗಿದ್ದವು, ಹೇಳಲು ಏನು ನಾಚಿಕೆ.

“ಕಾಲ ತೊಳಕೊಂಡ ಬಂದ ಕುಂಡ್ರ,” ಎಂದರು ಕಡೆಗೆ.

ಸೌಂದರ್ಯಾ ನಳದ ಕಡೆ ಹೊರಟವಳು ತಿರುಗಿ ನಿಂತು, ಅದು ಎಲ್ಲಕ್ಕಿಂತ ಮುಖ್ಯವಾದ ಸುದ್ದಿ ಎಂಬಂತೆ ಹೇಳಿದಳು, “ಟೀಚರ್, ಮುಂದಿನ ಪಾಳಿ ಇದ್ದ ದಿನಾನೂ ಸಾಲಿಗೆ ಬರತೇನ್ರಿ.”